ಎಣ್ಣೆ ಚೆಲ್ಲುವ ಗುಳಿಗೆ

ಮೈ ದಪ್ಪಗಿರುವವರನ್ನು ಕಂಡರೆ ಸಾಕು, ಲೋಕದಲ್ಲಿ ಎಲ್ಲರೂ ವೈದ್ಯರಾಗಿಬಿಡುತ್ತಾರೆ. ಜ್ವರ ಬಂದವರಿಗೆ ಡಾಕ್ಟರ ಹತ್ತಿರ ಹೋಗಿ ಎನ್ನುವ ಜನ ನನ್ನಂಥವಳಿಗೆ ನಿಂತಲ್ಲೇ ಔಷಧಿ ಹೇಳುತ್ತಾರೆ. ನಾನು ಆಗ ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು, ಮೊಳಕಾಲ್ಮೂರಿನ ಹೈಸ್ಕೂಲಿಗೆ ಹಿಂದಿ ಮೇಡಂ ಆಗಿ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಲ್ಲರ ಕೈಗೂ ಮೊಬೈಲು ಇನ್ನೂ ಬಂದಿರದ ಕಾಲ. ಬಸ್ಸಿನಲ್ಲಿ ಹೊತ್ತು ಕಳೆಯಲು ಪಕ್ಕದವರೇ ಗತಿ. ನನ್ನಿಂದಾಗಿ ಅರ್ಧ ಸೀಟಿನಲ್ಲಿ ಕೂತ ಸಿಟ್ಟಿಗೋ ಏನೋ, ಗುರುತಿಲ್ಲದ ಹೆಂಗಸರೂ ಬಿಸಿನೀರು, ಜೇನುತುಪ್ಪ, ಹುರುಳಿಕಟ್ಟು ಎಂದು ಶುರುಮಾಡಿದರೆ ಊರು ಬರುವ ತನಕ ಬಿಡುತ್ತಿರಲಿಲ್ಲ. ನಾನೂ ತಲೆಯಾಡಿಸುತ್ತಾ, ಕೈಯಲ್ಲಿದ್ದ ಹುರಿಗಡಲೆಯಲ್ಲಿ ಅವರಿಗೂ ಸ್ವಲ್ಪ ಕೊಡುತ್ತಿದ್ದೆ.

ಮನೆಯಲ್ಲಿ ಮಾತ್ರ ಯಾರೂ ನನ್ನನ್ನು ದಪ್ಪ ಎಂದವರಲ್ಲ. ನನ್ನ ಯಜಮಾನರು ಊರಿನ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಮೂರು ಹೊತ್ತೂ ಶೇಂಗಾ ಎಣ್ಣೆಯ ಗಾಳಿ ಕುಡಿದರೂ ಒಣಗಿದ ಕಡ್ಡಿಯ ಹಾಗೇ ಇದ್ದರು. ಅವರು ತಂದ ತಾಜಾ ಎಣ್ಣೆಯೆಲ್ಲ ನಮ್ಮತ್ತೆಯ ಕೈಯಿಂದ ನನ್ನ ತಟ್ಟೆಗೆ ಬರುತ್ತಿತ್ತು. ಅತ್ತೆ ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ಸೊಸೆ ಸೊರಗಿದರೆ ಅತ್ತೆಗೆ ಕೆಟ್ಟ ಹೆಸರು ಎಂದು ಬಲವಾಗಿ ನಂಬಿದವರು. ಮದುವೆಯಾಗಿ ಬಂದಾಗ ನಾನು ತೆಳ್ಳಗಿದ್ದೆನಂತೆ; ಹಳೆಯ ಫೋಟೋ ತೋರಿಸಿ, ಹೀಗಿದ್ದವಳನ್ನು ಹೀಗೆ ಮಾಡಿದ್ದೀನಿ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಇಷ್ಟು ಪ್ರೀತಿಯ ಅತ್ತೆ ಸಿಕ್ಕಿದ್ದಕ್ಕೆ ನನ್ನ ತವರಿನವರು ಸಂತೋಷಪಟ್ಟರು. ಮಂಡಿಗಳು ಮಾತ್ರ ಪಡಲಿಲ್ಲ.

ಮಂಡಿಯ ಸಂಗತಿ ಬಯಲಾದದ್ದು ಜಟಿಂಗ ರಾಮೇಶ್ವರಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದ ದಿನ. ಬೆಟ್ಟ ಹತ್ತಲು ಹೊರಟು ಸ್ವಲ್ಪ ದೂರದಲ್ಲೇ ಕೂತುಬಿಟ್ಟೆ. ಮಕ್ಕಳ ಚಪ್ಪಲಿ, ಚಿತ್ರಾನ್ನದ ಪಾತ್ರೆ ಕಾಯಲು ಯಾರಾದರೂ ಬೇಕಲ್ಲ ಎಂದು ನಾನೇ ಸಮಜಾಯಿಷಿ ಕೊಟ್ಟೆ. ಎಲ್ಲರೂ ಇಳಿದು ಬಂದಾಗ ಏಳಲು ಹೋದರೆ ಮಂಡಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಹುಡುಗಿಯರು ಎರಡೂ ಕಡೆ ಹಿಡಿದು ಎಬ್ಬಿಸಿದರು. ಅವರು ನಗಲಿಲ್ಲ. ಅದು ನನ್ನನ್ನು ಹೆಚ್ಚು ಹೆದರಿಸಿತು. ಪಾಠ ಮಾಡುವವಳು ನಿಂತಿರಲಾರದೆ ಹೋದರೆ ಕೆಲಸ ಉಳಿಯುವುದು ಹೇಗೆ?

ಚಳ್ಳಕೆರೆಯ ಡಾಕ್ಟರಮ್ಮ ಸಮಾಧಾನದ ಹೆಂಗಸು. ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯಿಡ್ ಸರಿಯಾಗಿದೆ ಎಂದಾಗ ನನಗೆ ನಿರಾಸೆಯೇ ಆಯಿತು. ತಪ್ಪು ಹೊರಿಸಲು ಕತ್ತಿನಲ್ಲೊಂದು ಗ್ರಂಥಿ ಇದೆ ಎಂದು ಬಹಳ ಆಸೆ ಇಟ್ಟುಕೊಂಡಿದ್ದೆ. ಸಕ್ಕರೆ ಕಾಯಿಲೆ ಬಾಗಿಲಿನಲ್ಲಿ ನಿಂತಿದೆ, ಇನ್ನೂ ಒಳಗೆ ಬಂದಿಲ್ಲ ಎಂದರು. ಮೊದಲು ಊಟ ಮತ್ತು ನಡಿಗೆ, ಜೊತೆಗೆ ಬೇಕಾದರೆ ಒಂದು ಗುಳಿಗೆ ಎಂದು ವಿವರಿಸಿದರು. ಬೆಂಗಳೂರಿನಲ್ಲಿ ಹೊಟ್ಟೆಯನ್ನೇ ಚಿಕ್ಕದು ಮಾಡುವ ಆಪರೇಷನ್ನೂ ಇದೆ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ನಾನು ಮಲಗಿದ್ದರೆ ಸಾಕು, ಶ್ರಮವೆಲ್ಲ ಡಾಕ್ಟರದು. ಅದನ್ನೇ ಮಾಡಿಸಿಬಿಡೋಣವೇ ಎಂದು ಕೇಳಿದೆ.

“ಅದು ವಿಪರೀತ ದಪ್ಪ ಇರೋರಿಗೆ ಕಣ್ರೀ. ಅಷ್ಟು ದಪ್ಪ ನೀವಿಲ್ಲ” ಎಂದರು.

ನೀವು ಸಾಕಷ್ಟು ದಪ್ಪ ಇಲ್ಲ ಎಂದು ಜೀವನದಲ್ಲಿ ಮೊದಲ ಸಲ ಒಬ್ಬರು ಹೇಳಿದ್ದರು. ಆ ಖುಷಿಗೆ ಬರುವ ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬಂದೆ.

ನಡಿಗೆ ಶುರುವಾಯಿತು. ಕಾಲೇಜು ಮೈದಾನದ ದಾರಿಯಲ್ಲಿ ಗ್ಯಾರೇಜು ಇಟ್ಟಿದ್ದ ಸಾಬರು ಮೊದಲ ದಿನ ಬಸ್ಸು ತಪ್ಪಿತೇ ಎಂದು ಕೇಳಿದರು. ಮಾರನೆಯ ದಿನ ಯಜಮಾನರ ಸ್ಕೂಟರು ಕೆಟ್ಟಿದೆಯೇ ಎಂದರು. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಮನೆಯಲ್ಲಿ ಏನೋ ಜಗಳವಾಗಿದೆ ಎಂದುಕೊಂಡು, ಮಿಲ್ಲಿನ ಹತ್ತಿರ ನಮ್ಮ ಯಜಮಾನರನ್ನು ನಿಲ್ಲಿಸಿ ಬುದ್ಧಿ ಹೇಳಿದರಂತೆ. ಊಟದ ಕಡೆ ಏನೂ ಬದಲಾಗಲಿಲ್ಲ. ಎಣ್ಣೆ ಕಡಿಮೆ ಹಾಕಿ ಎಂದು ಅತ್ತೆಗೆ ಹೇಳಿದರೆ, ಮೈಯಲ್ಲಿ ಹುಷಾರಿಲ್ಲವೇ ಎಂದು ಇನ್ನೊಂದು ಸೌಟು ಹಾಕುತ್ತಿದ್ದರು. ಕೊನೆಗೆ ಡಾಕ್ಟರಮ್ಮ ಗುಳಿಗೆ ಬರೆದರು. ಊಟದ ಜೊತೆ ತೆಗೆದುಕೊಳ್ಳಬೇಕು. ತಿಂದ ಜಿಡ್ಡಿನಲ್ಲಿ ಒಂದು ಪಾಲನ್ನು ಅದು ಮೈಗೆ ಸೇರಲು ಬಿಡುವುದಿಲ್ಲ. ಜಿಡ್ಡು ಕಡಿಮೆ ತಿಂದರೆ ತೊಂದರೆ ಇಲ್ಲ, ಹೆಚ್ಚು ತಿಂದರೆ ಎಣ್ಣೆ ಹೇಳದೆ ಕೇಳದೆ ಹೊರಗೆ ಬಂದುಬಿಡುತ್ತದೆ ಎಂದು ಅವರು ಸ್ಪಷ್ಟವಾಗಿಯೇ ಎಚ್ಚರಿಸಿದ್ದರು. ಅತ್ತೆಗೆ ನಾನು ಮಂಡಿನೋವಿನ ಗುಳಿಗೆ ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಮೊಳಕಾಲ್ಮೂರಿನಲ್ಲಿ ಅತ್ತೆಯ ತಮ್ಮನ ಮಗಳ ಸೀಮಂತ ಬಂತು. ಆ ಮಾವ ತಮ್ಮ ಮಗ್ಗದಲ್ಲಿ ತಾವೇ ನೇಯ್ದು ನನಗೆ ಕೊಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟು ಹೋದೆ. ಪಂಕ್ತಿಯಲ್ಲಿ ಅತ್ತೆಯೇ ಬಡಿಸಿದರು: ಶೇಂಗಾ ಹೋಳಿಗೆ, ಅದು ಮುಳುಗುವಷ್ಟು ತುಪ್ಪ, ಬಿಸಿ ಬಜ್ಜಿ. ಬೇಡ ಎಂದು ಕೈ ಅಡ್ಡ ಹಿಡಿದೆ. ಹಿಡಿದ ಕೈಯನ್ನು ಬೇಗ ತೆಗೆದೆ ಎನ್ನುವುದೂ ನಿಜ. ಗುಳಿಗೆ ನುಂಗಿದ್ದೇನಲ್ಲ, ಅದು ನೋಡಿಕೊಳ್ಳುತ್ತದೆ ಎಂಬ ಧೈರ್ಯ.

ಊಟವಾಗಿ ಸ್ವಲ್ಪ ಹೊತ್ತಿಗೆ ಅದು ನೋಡಿಕೊಳ್ಳತೊಡಗಿತು. ಹೆಚ್ಚು ಬಿಡಿಸಿ ಹೇಳಲಾರೆ. ಬಸುರಿ ಹುಡುಗಿಗೆ ಅರಿಶಿನ ಕುಂಕುಮ ಇಡಲು ಮುತ್ತೈದೆಯರೆಲ್ಲ ಜಮಖಾನೆಯ ಮೇಲೆ ಕೂತರು. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತೆ. ಬಾ, ಕೂರು ಎಂದರು. ಇಲ್ಲೇ ಸರಿ ಎಂದೆ. ಗೋಡೆ ಬಿಟ್ಟು ಬಾರದ ನನ್ನನ್ನು ನೋಡಿ ಜನ ಪಿಸುಗುಟ್ಟತೊಡಗಿದರು. ಮಾವನ ಹೆಂಡತಿ, ತಾವು ಮರ್ಯಾದೆಯಿಂದ ಕರೆಯಲಿಲ್ಲ ಎಂದು ನಾನು ಮುನಿಸಿಕೊಂಡಿದ್ದೇನೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮಾವ ಹತ್ತಿರ ಬಂದು ಮೆಲ್ಲಗೆ, “ಏಮಮ್ಮಾ, ಸೀರೆ ಚುಚ್ತಾ ಐತಾ?” ಎಂದರು. ತಿಂಗಳುಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನೇಯ್ದವರು ಹಾಗೆ ಕೇಳಿದಾಗ ನನಗೆ ಅಳುವೇ ಬಂತು. ಆದರೂ ಗೋಡೆ ಬಿಡುವ ಹಾಗಿರಲಿಲ್ಲ.

ಕೊನೆಗೆ ಅತ್ತೆ ಬಂದು ನನ್ನ ಹಿಂದೆಯೇ ಅಂಟಿಕೊಂಡು ಹಿತ್ತಲಿಗೆ ನಡೆಸಿಕೊಂಡು ಹೋದರು. ಅಲ್ಲಿ ಎಲ್ಲವನ್ನೂ ಹೇಳಿದೆ. ಒಳಲಂಗದ ಪುಣ್ಯದಿಂದ ಸೀರೆಗೆ ಏನೂ ಆಗಿರಲಿಲ್ಲ. ಅತ್ತೆ ಬೈಯಲಿಲ್ಲ. “ದಿನಾನೂ ಹಿಂಗೇ ಹೋಗ್ತೈತಾ?” ಎಂದು ಕೇಳಿದರು.

“ಹಿಂಗಲ್ಲ ಅತ್ತೆ. ಆದ್ರೂ ನಾನು ತಿಂದಿದ್ರಾಗೆ ಒಂದು ಪಾಲು ಹೋಗ್ತೈತೆ.”

“ಅಂದ್ರೆ ಎಣ್ಣೆನೂ ನಮ್ದೇ, ಅದನ್ನ ಚೆಲ್ಲೋ ಗುಳಿಗೆನೂ ನಮ್ದೇನಾ?”

ಒಳಗೆ ಹೋಗಿ ತಮ್ಮನಿಗೆ, ಸೊಸೆಯ ಮಂಡಿ ಹಿಡಿದುಕೊಂಡಿದೆ, ಅದಕ್ಕೇ ಕೂರಲಾಗಲಿಲ್ಲ ಎಂದು ಹೇಳಿ ಮಾನ ಉಳಿಸಿದರು. ನಾನು ಅತ್ತೆ ತಂದುಕೊಟ್ಟ ಹತ್ತಿಯ ಸೀರೆ ಉಟ್ಟು ಬಂದು ಹುಡುಗಿಗೆ ನಿಂತೇ ಕುಂಕುಮ ಇಟ್ಟೆ.

ಮಾರನೆಯ ದಿನ ಮುದ್ದೆ, ಸೊಪ್ಪಿನ ಸಾರು. ಸಾರಿನ ಮೇಲೆ ಎಣ್ಣೆಯ ಒಂದು ಕಣ್ಣೂ ತೇಲುತ್ತಿರಲಿಲ್ಲ. ಅದರ ಮರುದಿನವೂ ಅಷ್ಟೆ. ನನ್ನ ಮಂಡಿಗೆ ಕರಗದ ಅತ್ತೆಯ ಮನಸ್ಸು ಚೆಲ್ಲಿಹೋಗುವ ಎಣ್ಣೆಗೆ ಕರಗಿತ್ತು. ಒಗ್ಗರಣೆ ಮರೆತೆಯಾ ಅವ್ವಾ ಎಂದು ಯಜಮಾನರು ಕೇಳಿದರೆ, ನಿನ್ನ ಹೆಂಡತಿ ಗುಳಿಗೆ ಬಿಡೋ ತನಕ ಇಷ್ಟೇ ಎಂಬ ಉತ್ತರ. ಅವರು ಮಿಲ್ಲಿನಲ್ಲಿ ಎಣ್ಣೆಯ ನಡುವೆ ಕೂತೂ ಮನೆಯಲ್ಲಿ ಎಣ್ಣೆಗೆ ಬಾಯಾರಿದರು. ನಿಧಾನವಾಗಿ ನನ್ನ ರವಿಕೆಗಳು ಸಡಿಲವಾದವು, ಮಡಿಸಿದ ಮಂಡಿ ನೆಟ್ಟಗಾಗತೊಡಗಿತು. ಕೆಲವು ತಿಂಗಳ ಮೇಲೆ ಡಾಕ್ಟರಮ್ಮ ಗುಳಿಗೆ ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಅತ್ತೆಗೆ ಎಣ್ಣೆಯ ಡಬ್ಬ ಬೇಗ ತಳ ಕಾಣದಿರುವ ಸುಖ ಗೊತ್ತಾಗಿಬಿಟ್ಟಿತ್ತು. ನಲ್ಲಿಯ ಹತ್ತಿರ ಯಾರೋ, ಸೊಸೆಗೆ ಊಟ ಹಾಕುತ್ತೀಯೋ ಇಲ್ಲವೋ ಎಂದು ಕೆಣಕಿದಾಗ, “ಹಾಕ್ತೀನಿ, ಚೆಲ್ಲಲ್ಲ” ಎಂದರಂತೆ.

ಶಾಲೆಯಲ್ಲಿ ನಾನು ದೊಡ್ಡ ಮಾದರಿಯಾದೆ. ಸ್ಟಾಫ್ ರೂಮಿನಲ್ಲಿ ಮನೋಬಲದ ಬಗ್ಗೆ, ನಾಲಿಗೆಯನ್ನು ಗೆಲ್ಲುವುದರ ಬಗ್ಗೆ ಮಾತಾಡುತ್ತಿದ್ದೆ. ಗುಳಿಗೆಯ ಸುದ್ದಿ, ಅತ್ತೆಯ ಸುದ್ದಿ ಎತ್ತುತ್ತಿರಲಿಲ್ಲ. ಹಿಂದಿನ ನನ್ನಷ್ಟೇ ದಪ್ಪಗಿದ್ದ ಗಣಿತದ ಮೇಡಂ ಶ್ರದ್ಧೆಯಿಂದ ಕೇಳಿ, ಒಂದು ಭಾನುವಾರ ಇನ್ನಷ್ಟು ತಿಳಿದುಕೊಳ್ಳಲು ಮನೆಗೇ ಬಂದರು. ನಾನು ಟೀ ಮಾಡಿ ತರುವಷ್ಟರಲ್ಲಿ ಅತ್ತೆ ಸೀಮಂತದಿಂದ ಶುರುಮಾಡಿ ಗೋಡೆ, ಹಿತ್ತಲು, ಒಳಲಂಗ ಎಲ್ಲವನ್ನೂ ಹೇಳಿ ಮುಗಿಸಿದ್ದರು. ಗಣಿತದ ಮೇಡಂ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ, “ಅವ್ವಾ, ನೀವು ಒಂದು ತಿಂಗಳು ನಮ್ಮನೆಗೆ ಬಂದಿರ್ತೀರಾ?” ಎಂದು ಕೇಳಿದರು.

“ಎಲ್ಲಿ ಬರ್ಲಮ್ಮಾ. ನಾನು ಹೊಸಿಲು ದಾಟಿದ್ರೆ ಇವಳು ಬಾಣಲೆ ಒಲೆ ಮ್ಯಾಲೆ ಇಟ್ಟಿರ್ತಾಳೆ.”

ಇದು ಅನ್ಯಾಯ ಎಂದು ಬಾಯಿ ತೆರೆದೆ. ಹೋದ ವಾರ ಅತ್ತೆ ತಮ್ಮನ ಮೊಮ್ಮಗುವನ್ನು ನೋಡಲು ಮೊಳಕಾಲ್ಮೂರಿಗೆ ಹೋಗಿದ್ದರು. ಆ ಎರಡು ದಿನ ನಮ್ಮ ಅಡುಗೆಮನೆಯಲ್ಲಿ ಏನೇನು ಕರಿದೆವು ಎನ್ನುವುದು ನನಗೂ ಯಜಮಾನರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಯಜಮಾನರು ಕುರ್ಚಿಯಲ್ಲಿ ಕೂತಲ್ಲೇ ಸಣ್ಣಗೆ ಕೆಮ್ಮಿದರು. ನಾನು ಬಾಯಿ ಮುಚ್ಚಿಕೊಂಡು, ಟೀ ಆರುತ್ತೆ ಕುಡೀರಿ ಎಂದೆ.