ದರ್ಜಿ ಮನಸ್ಸಿಟ್ಟು ಬೇಡಿದ್ದು

ದರ್ಜಿಯ ಸಂಸಾರ ಕೆಟ್ಟದ್ದು ಒಂದೇ ಒಂದು 'ಹೂಂ'ನಿಂದ. "ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ. ಅಕ್ಕನ ಮನೆಗೆ ಹೋಗ್ತೀನಿ, ಇನ್ನು ಬರಲ್ಲ" ಅಂತ ಹೆಂಡತಿ ಅಂದಾಗ, ಪುಣ್ಯಾತ್ಮ ಕಾಲರ್ ಹೊಲಿಯುತ್ತಾ "ಹೂಂ" ಅಂದುಬಿಟ್ಟ. ತಲೆ ಎತ್ತುವಷ್ಟರಲ್ಲಿ ಮನೆ ಖಾಲಿ.

ಇಪ್ಪತ್ತು ದಿನವಾಯಿತು. ಕತ್ತರಿ ಹಿಡಿದರೆ ಅವಳ ನೆನಪು, ಗುಂಡಿ ಹಾಕಿದರೆ ಅವಳ ನೆನಪು. ದಿನಾ ದೇವರಿಗೆ ಕೈಮುಗಿಯುತ್ತಿದ್ದದ್ದೇನೋ ನಿಜ. ಆದರೆ "ಅವಳನ್ನ ಕಳಿಸಪ್ಪ" ಅನ್ನುವಾಗಲೇ ಮನಸ್ಸು ಮೇಷ್ಟ್ರ ಪ್ಯಾಂಟಿನ ಸೊಂಟದ ಅಳತೆಗೆ ಹಾರುತ್ತಿತ್ತು.

"ದೇವರಿಗೂ ಬರೀ 'ಹೂಂ' ಅಂದ್ರೆ ಹೇಗಯ್ಯಾ? ಮನಸ್ಸಿಟ್ಟು ಬೇಡ್ಕೋ" ಎಂದು ಎದುರಂಗಡಿ ಕ್ಷೌರಿಕ ಬುದ್ಧಿ ಹೇಳಿದ.

ಸರಿ, ಇವತ್ತು ಮಧ್ಯಾಹ್ನ ಅಂಗಡಿಯಲ್ಲೇ ಹೊಲಿಗೆ ಬದಿಗಿಟ್ಟು ಕಣ್ಣು ಮುಚ್ಚಿ ಕೂತ. "ದೇವರೇ..." ಅನ್ನುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆ ಅಜ್ಜಿ. "ಏನಪ್ಪಾ, ತೂಕಡಿಸ್ತಿದೀಯಾ? ನನ್ನ ದಿಂಬಿನ ಕವರ್ ಆಯ್ತಾ?" ಅಜ್ಜಿಯನ್ನು ಸಾಗಹಾಕಿ ಕೂತರೆ ಮೇಷ್ಟ್ರು. "ಸೊಂಟ ಬಿಗಿ ಆಯ್ತಲ್ಲಯ್ಯಾ!" ಷಟರ್ ಅರ್ಧ ಎಳೆದ. ಅದರ ಕೆಳಗಿಂದ ಕ್ಷೌರಿಕನೇ ತಲೆ ತೂರಿಸಿ, "ಹೇಗೆ, ಮನಸ್ಸು ನಿಲ್ತಾ?" ಅಂತ ವಿಚಾರಿಸಿದ.

ದರ್ಜಿಗೆ ರೇಗಿಹೋಯಿತು. ಷಟರ್ ಪೂರ್ತಿ ಎಳೆದು ಒಳಗಿಂದ ಚಿಲಕ ಹಾಕಿದ. ಕೋಟಿನ ಭುಜಕ್ಕೆ ತುಂಬುವ ಹತ್ತಿಯನ್ನು ಎರಡೂ ಕಿವಿಗೆ ತುರುಕಿಕೊಂಡು, ಬಟ್ಟೆ ರಾಶಿಗೆ ಬೆನ್ನು ಹಾಕಿ ಕೂತ.

ಮೊದಲು ಮೇಷ್ಟ್ರ ಸೊಂಟವೇ ಬಂತು. ಓಡಿಸಿದ. ಆಮೇಲೆ ಅವಳು ಬಂದಳು. ಕಣ್ಣು ಕಿರಿದು ಮಾಡಿಕೊಂಡು ಸೂಜಿಗೆ ದಾರ ಪೋಣಿಸುತ್ತಾ ಏನೋ ಹೇಳುತ್ತಿದ್ದಳು, ಹೇಳುತ್ತಲೇ ಇದ್ದಳು. ಇಷ್ಟು ವರ್ಷದಲ್ಲಿ ಅದರಲ್ಲಿ ಒಂದನ್ನೂ ಕೇಳಿಸಿಕೊಂಡಿರಲಿಲ್ಲವಲ್ಲ! "ಒಂದೇ ಒಂದು ಸಲ ಕಳಿಸು ದೇವರೇ, ಅವಳು ಹೇಳೋದೆಲ್ಲ ಕೇಳ್ತೀನಿ" ಎಂದು ಗಳಗಳ ಅತ್ತ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಹಗುರಾಗಿ ಎದ್ದು ಷಟರ್ ಎತ್ತಿದರೆ ಅಜ್ಜಿ, ಮೇಷ್ಟ್ರು, ಕ್ಷೌರಿಕ ಸಾಲಾಗಿ ನಿಂತಿದ್ದಾರೆ. ಮೂವರ ಬಾಯೂ ಆಡುತ್ತಿದೆ. ಒಂದಕ್ಷರ ಕೇಳಿಸದ ದರ್ಜಿ ಅಭ್ಯಾಸಬಲದಿಂದ "ಹೂಂ" ಅಂದ.

ಅಜ್ಜಿ ಮುಂದೆ ಬಂದು ಅವನ ಕಿವಿಯ ಹತ್ತಿ ಕಿತ್ತಳು. "ನಿನ್ನ ಹೆಂಡತಿ ಬಂದಿದ್ಳೋ! ಅರ್ಧ ಗಂಟೆ ಷಟರ್ ಬಡಿದ್ಳು!"

"ದೇವರ ಹತ್ರ ಮಾತಾಡ್ತಿದಾನೆ ತಾಯಿ, ಅಂತ ನಾನೂ ಹೇಳ್ದೆ" ಅಂದ ಕ್ಷೌರಿಕ. "'ನನ್ನ ಹತ್ರ ಆಡೋಕೆ ಮಾತ್ರ ಪುರುಸೊತ್ತಿಲ್ಲ' ಅಂತ ಅಳ್ತಾ ಈಗ ತಾನೇ ಬಸ್ ಹತ್ತಿದ್ಳು."

ದರ್ಜಿ ಬೀದಿಯ ಕೊನೆಯವರೆಗೂ ಬಿದ್ದಂಬೀಳ ಓಡಿದ. ಬಸ್ಸಿನ ಧೂಳು ಮಾತ್ರ ಸಿಕ್ಕಿತು. ಕಣ್ಣೊರೆಸಿಕೊಳ್ಳುತ್ತಾ ವಾಪಸು ಬಂದವನ ಹೆಗಲ ಮೇಲೆ ಕ್ಷೌರಿಕ ಕೈಯಿಟ್ಟು ಕೇಳಿದ:

"ಹೋಗ್ಲಿ ಬಿಡು. ಇವತ್ತಾದ್ರೂ ಮನಸ್ಸು ನಿಲ್ತಾ?"