ಎಂಟು ಹಲ್ಲಿನ ಪಿನಿಯನ್

ಉಮೇಶನ ಸಂಕಟಕ್ಕೆಲ್ಲ ಮೂಲ ಒಂದು ಆಟೋ. ಬಾಳೂರಿನ ಕುಮಾರನ ಆಟೋ ಮೂಡಿಗೆರೆ ರಸ್ತೆಯಲ್ಲಿ ಉಮೇಶನ ಜೀಪನ್ನು ಹಿಂದಿಕ್ಕಿತ್ತು. ಹಿಂದಿಕ್ಕಿದ್ದನ್ನು ಹೇಗೋ ಸಹಿಸಬಹುದಿತ್ತು. ಆದರೆ ಕುಮಾರ್ ಪಕ್ಕಕ್ಕೆ ಬಂದು, "ಉಮೇಶಣ್ಣ, ಬರ್ತಾ ಇದ್ದೀಯೋ, ನಿಂತಿದ್ದೀಯೋ?" ಎಂದು ಕೇಳಿಬಿಟ್ಟ. ಆಟೋದಲ್ಲಿದ್ದವರು ನಕ್ಕರು. ಜೀಪಿನಲ್ಲಿ ಬಾಡಿಗೆ ಕೊಟ್ಟು ಕೂತವರೂ ನಕ್ಕರು. ಅದು ಉಮೇಶನ ಎದೆಗೆ ನಾಟಿತು.

ಜೀಪು ಅವನ ಅಪ್ಪನ ಕಾಲದ್ದು, ಹಿಂದಿನ ಎರಡೇ ಗಾಲಿ ಎಳೆಯುವಂಥದ್ದು. ಗುಡ್ಡ ಹತ್ತುವುದರಲ್ಲಿ ಅದನ್ನು ಮೀರಿಸುವ ಗಾಡಿ ಬಾಳೂರಿನಲ್ಲಿರಲಿಲ್ಲ. ಟಾರು ರಸ್ತೆಗೆ ಬಂದರೆ ಮಾತ್ರ ಎಂಜಿನ್ ಎಷ್ಟು ಅರಚಿಕೊಂಡರೂ ಮುಳ್ಳು ನಲವತ್ತೈದು ದಾಟುತ್ತಿರಲಿಲ್ಲ. ಇದರ ಗುಟ್ಟನ್ನು ಮೂಡಿಗೆರೆಯ ಮೆಕ್ಯಾನಿಕ್ ಗುರುವಯ್ಯ ಬಿಡಿಸಿ ಹೇಳಿದ.

"ಹಿಂದಿನ ಗಾಲಿಗಳ ನಡುವಿನ ಡಿಫರೆನ್ಶಿಯಲ್ ಒಳಗೆ ದೊಡ್ಡದೊಂದು ಕ್ರೌನ್ ವೀಲು ಅದೆ, ಅದನ್ನ ತಿರುಗಿಸಕ್ಕೆ ಸಣ್ಣದೊಂದು ಪಿನಿಯನ್. ನಿಂದರಲ್ಲಿ ಕ್ರೌನಿಗೆ ನಲವತ್ಮೂರು ಹಲ್ಲು, ಪಿನಿಯನ್ನಿಗೆ ಎಂಟು. ಪಿನಿಯನ್ ಐದು ಸುತ್ತಿನ ಮೇಲೆ ತಿರುಗಿದ್ರೆ ಗಾಲಿ ಒಂದು ಸುತ್ತು ತಿರುಗ್ತದೆ. ಹಂಗಾಗಿ ಎಳೆತ ಜಾಸ್ತಿ, ಓಟ ಕಮ್ಮಿ. ನಲವತ್ತೈದಕ್ಕೆ ಹನ್ನೊಂದರ ಸೆಟ್ ಹಾಕಿದ್ರೆ ನಾಲ್ಕೇ ಸುತ್ತು. ಓಟ ಬರ್ತದೆ, ಎಳೆತ ಹೋಗ್ತದೆ. ಎರಡೂ ಬೇಕು ಅಂದ್ರೆ ಸಿಗಲ್ಲ ಮಾರಾಯ."

ಇಷ್ಟರಲ್ಲಿ ಉಮೇಶನ ಕಿವಿಗೆ ಬಿದ್ದದ್ದು "ಓಟ ಬರ್ತದೆ" ಎಂಬ ಎರಡೇ ಮಾತು. ಅಂದೇ ಬದಲಾಯಿಸಿಕೊಂಡು ಬಂದ.

ಈ ಸುದ್ದಿಯನ್ನು ಅವನು ಹೇಳಿಕೊಂಡದ್ದು ಒಬ್ಬರೊಡನೆ ಮಾತ್ರ. ಲಕ್ಕಯ್ಯ ಮೇಸ್ತ್ರಿ ಎಸ್ಟೇಟಿನಲ್ಲಿ ನಲವತ್ತು ವರ್ಷ ಆಳುಗಳ ಮೇಲೆ ಕೂಗಾಡಿ ನಿವೃತ್ತರಾದವರು. ಗುಡ್ಡದ ತಲೆಯಲ್ಲಿ ಅವರದೊಂದು ತುಂಡು ಜಾಗವಿತ್ತು. ಅಪ್ಪ, ಅಮ್ಮ ಇಬ್ಬರನ್ನೂ ಮಣ್ಣು ಮಾಡಿದ್ದು ಅಲ್ಲಿಯೇ. ವಾರಕ್ಕೊಮ್ಮೆ ಉಮೇಶನ ಜೀಪು ಹತ್ತಿ ಅಲ್ಲಿಗೆ ಹೋಗಿ, ಸುಮ್ಮನೆ ಕೂತು ಬರುತ್ತಿದ್ದರು.

"ಬಿಚ್ಚಿದ ಸೆಟ್ ಎಂತ ಮಾಡ್ದೆ?" ಎಂದು ಮೇಸ್ತ್ರಿ ಕೇಳಿದರು.

"ಗ್ಯಾರೇಜಲ್ಲೇ ಬಿಟ್ಟೆ. ಗುಜರಿಗೆ ಹಾಕ್ತಾರಂತೆ."

"ಅಲ್ಲ ಕಣೋ, ನನ್ನ ಕೊನೇ ಸವಾರಿ ನಿನ್ನ ಜೀಪಲ್ಲೇ ಅಂತ ಮಾತು ಕೊಟ್ಟಿದ್ಯಲ್ಲ. ಇನ್ನು ಗುಡ್ಡಕ್ಕೆ ಹೆಂಗೆ ಹತ್ತಿಸ್ತೀಯ?"

"ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಅದೆ, ಸುಮ್ನಿರಿ ಮೇಸ್ತ್ರಿ."

ಇಪ್ಪತ್ತು ವರ್ಷ ಇರಲಿಲ್ಲ. ಒಂಬತ್ತು ದಿನ ಇತ್ತು.

ಸೋಮವಾರ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದಂತೆಯೇ ಲಕ್ಕಯ್ಯ ತೀರಿಕೊಂಡರು. ಉಮೇಶ ಬಾಗಿಲಲ್ಲಿ ನಿಂತು ಮಗುವಿನ ಹಾಗೆ ಅತ್ತ. ಅಪ್ಪ ಹೋದ ಮೇಲೆ ಅವನನ್ನು ಬೈಯುವ ಹಕ್ಕಿದ್ದ ಜೀವ ಅದೊಂದೇ. ಅಳುವಿನ ನಡುವೆಯೇ ಇನ್ನೊಂದು ಭಯವೂ ಹುಟ್ಟಿತು. ಸೂರ್ಯ ಮುಳುಗುವುದರೊಳಗೆ ಗುಡ್ಡದ ತಲೆಯಲ್ಲಿ ಮಣ್ಣಾಗಬೇಕು. ಮೂರು ಕಿಲೋಮೀಟರ್ ಏರನ್ನು ಹೆಗಲ ಮೇಲೆ ಹೊತ್ತು ಹತ್ತುವವರು ಈಗ ಯಾರೂ ಇಲ್ಲ. ಎಲ್ಲರ ಕಣ್ಣೂ ಅವನ ಜೀಪಿನ ಮೇಲೇ ಇತ್ತು.

ಎರಡು ಗಂಟೆಗೆ ಮೇಸ್ತ್ರಿಯವರನ್ನು ಜೀಪಿನ ಹಿಂಭಾಗದಲ್ಲಿ ಕಾಲು ಮುಂದಾಗಿ ಮಲಗಿಸಿದರು. ಹೊರಡುವ ಹೊತ್ತಿಗೆ ಅವರ ಹೆಂಡತಿ ಅಂಜನಮ್ಮ ಬಾಯಿ ಕಟ್ಟಿದ ಗೋಣಿಚೀಲವೊಂದನ್ನು ಏದುಸಿರು ಬಿಡುತ್ತಾ ಎತ್ತಿಕೊಂಡು ಬಂದರು.

"ಇದನ್ನ ಮಂಚದಡಿ ಇಟ್ಕೊಂಡಿದ್ರು. ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಅವ್ರ ಹತ್ಯಾರಗಳಿರಬೇಕು. ಎಲೆಚೀಲ, ಕಂಬಳಿ ಜೊತೆ ಇದೂ ಅವ್ರ ಪಕ್ಕದಲ್ಲೇ ಇರ್ಲಿ."

ಹೋದವರಿಗೆ ಪ್ರೀತಿಯಾಗಿದ್ದುದನ್ನು ಗುಂಡಿಯಲ್ಲಿ ಜೊತೆಗೆ ಇಡುವುದು ಅವರಲ್ಲಿ ಪದ್ಧತಿ. ಉಮೇಶ ಚೀಲ ಎತ್ತಿ ಮೇಸ್ತ್ರಿಯ ಕಾಲ ಬಳಿ ಇಟ್ಟ. ಒಳಗೆ ಕಬ್ಬಿಣ ಝಣ್ ಎಂದಿತು.

ಅರ್ಧ ದಾರಿಯವರೆಗೆ ಜೀಪು ಮರ್ಯಾದೆ ಉಳಿಸಿತು. ಸಿಲ್ವರ್ ಓಕ್ ಮರಗಳ ತಿರುವಿನಲ್ಲಿ ಏರು ಕಡಿದಾಯಿತು. ಮೊದಲನೇ ಗೇರಿನಲ್ಲೇ ಎಂಜಿನ್ ನಡುಗಿ, ಕೆಮ್ಮಿ, ನಿಂತುಹೋಯಿತು. ಇನ್ನೊಮ್ಮೆ ಎಬ್ಬಿಸಿದ. ಎರಡು ಮಾರು ಹೋಗಿ ಮತ್ತೆ ನಿಂತಿತು. ಕ್ಲಚ್ ಸುಟ್ಟ ವಾಸನೆ ಊದುಬತ್ತಿಯ ವಾಸನೆಯನ್ನೇ ನುಂಗಿಹಾಕಿತು. ಜೀಪಿನಲ್ಲಿದ್ದವರೆಲ್ಲ ಇಳಿದರು. ಲಕ್ಕಯ್ಯ ಒಬ್ಬರೇ ಉಳಿದರು. ಆದರೂ ಹತ್ತಲಿಲ್ಲ.

"ಡೀಸೆಲ್ ಅದೆಯೇನೋ ನೋಡು," ಎಂದ ಕುಮಾರ್. ಆಟೋ ಗುಡ್ಡದ ಬುಡದಲ್ಲೇ ನಿಲ್ಲಿಸಿ ಅವನೂ ನಡೆದು ಬಂದಿದ್ದ.

ಊರಿನ ಹಿರಿಯ ಸುಬ್ಬಣ್ಣನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಇದು ಡೀಸೆಲ್ ವಿಷಯ ಅಲ್ಲ. ಈ ಜೀಪು ಇಲ್ಲಿ ಯಾವತ್ತಾದ್ರೂ ನಿಂತದ್ದುಂಟಾ? ಲಕ್ಕಯ್ಯನಿಗೆ ಹೋಗಕ್ಕೆ ಮನಸ್ಸಿಲ್ಲ. ಯಾರೋ ಏನೋ ನೋವು ಮಾಡಿದ್ದಾರೆ. ಮಾಡಿದವ್ರು ಈಗ್ಲೇ ಬಾಯಿಬಿಟ್ಟು ಹೇಳಿ, ಹಗುರ ಆಗ್ತದೆ."

ಎಲ್ಲರೂ ತಲೆ ತಗ್ಗಿಸಿದರು. ಕುಮಾರ್ ಮುಂದೆ ಬಂದು, ಮೇಸ್ತ್ರಿಯ ತೋಟದಿಂದ ಒಂದು ಬಾಳೆಗೊನೆ ಕಡಿದದ್ದು ತಾನೇ ಎಂದು ಒಪ್ಪಿಕೊಂಡ. ಇನ್ನೊಬ್ಬ, ಅವರ ಟಾರ್ಚು ತನ್ನ ಮನೆಯಲ್ಲೇ ಇದೆ ಎಂದ. ಸುಬ್ಬಣ್ಣನವರು ತಾವೇ ಗಂಟಲು ಸರಿಮಾಡಿಕೊಂಡು, ಮೇಸ್ತ್ರಿಯ ನಾಯಿಗೆ ಕಲ್ಲು ಹೊಡೆದದ್ದನ್ನು ಹೇಳಿದರು. ಪ್ರತಿ ಒಪ್ಪಿಗೆಗೂ ಉಮೇಶ ಗಾಡಿ ಎಬ್ಬಿಸಿ ನೋಡಿದ. ಯಾರ ಪಾಪಕ್ಕೂ ಜೀಪು ಅಲುಗಲಿಲ್ಲ.

ಕೊನೆಗೆ ಅವನೇ ಇಳಿದು ಮೇಸ್ತ್ರಿಯ ಕಾಲು ಮುಟ್ಟಿದ. "ತಪ್ಪು ನಂದೇ. ರೋಡಲ್ಲಿ ಓಡ್ಲಿ ಅಂತ ಕ್ರೌನ್ ಸೆಟ್ ಬದಲಾಯಿಸಿಬಿಟ್ಟೆ. ಎಳೆತ ಹೋಗ್ತದೆ ಅಂತ ಗುರುವಯ್ಯ ಹೇಳಿದ್ದ, ಕೇಳಲಿಲ್ಲ." ಹೊತ್ತು ಐದಾಗುತ್ತಿತ್ತು.

ಕಾಲು ಹಿಡಿದು ಕೂತಲ್ಲಿಯೇ ಅವನಿಗೆ ಒಂದು ದಾರಿ ಹೊಳೆಯಿತು. ಈ ಜೀಪಿನಲ್ಲಿ ಮೊದಲನೇ ಗೇರಿಗಿಂತ ಎಳೆತ ಜಾಸ್ತಿ ಇರುವುದು ರಿವರ್ಸ್ ಗೇರಿಗೆ! ಕ್ರೌನ್ ಸೆಟ್ಟಿನಲ್ಲಿ ಕಳೆದುಕೊಂಡ ಎಳೆತ ಅಲ್ಲಿ ಸಿಕ್ಕೀತು.

"ಹಿಂದಕ್ಕೆ ಹತ್ತಿಸ್ತೀನಿ," ಎಂದ.

"ಹಂಗಾದ್ರೆ ತಲೆ ಮುಂದಾಗ್ತದಲ್ಲೋ!" ಸುಬ್ಬಣ್ಣನವರು ಹೌಹಾರಿದರು. "ತಲೆ ಮುಂದಾಗಿ ಹೋದವ್ರು ಮನೆಗೆ ವಾಪಸ್ ಬರ್ತಾರೆ."

ಹತ್ತು ನಿಮಿಷ ಚರ್ಚೆ ನಡೆದು, ಜೀಪು ತಿರುಗಿದ ಮೇಲೆ ಮೇಸ್ತ್ರಿಯವರನ್ನೂ ತಿರುಗಿಸಿ ಮಲಗಿಸುವುದೆಂದು ತೀರ್ಮಾನವಾಯಿತು. ಗಾಲಿ ಜಾರದಂತೆ ಭಾರಕ್ಕೆಂದು ಕುಮಾರನನ್ನು ಹಿಂದೆ ಕೂರಿಸಿದರು. ಕುಮಾರ್ ಗೋಣಿಚೀಲವನ್ನು ತೊಡೆಯ ಮೇಲಿಟ್ಟುಕೊಂಡ.

ಉಮೇಶ ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಕ್ಲಚ್ ಬಿಟ್ಟ. ಜೀಪು ಗುರುಗುಟ್ಟುತ್ತಾ ಹಿಂಬದಿಯಿಂದ ಗುಡ್ಡ ಏರತೊಡಗಿತು. ದಾರಿಯುದ್ದಕ್ಕೂ ಅವನ ಕಣ್ಣೆದುರು ಇದ್ದದ್ದು ಮೇಸ್ತ್ರಿಯ ಮುಖ. ಆ ಮುಖ ಏನನ್ನೋ ಹೇಳಲು ಮರೆತಂತೆ ಕಾಣುತ್ತಿತ್ತು. "ಕ್ಷಮಿಸಿಬಿಡಿ ಮೇಸ್ತ್ರಿ," ಎಂದು ತಿರುವಿಗೊಮ್ಮೆ ಹೇಳಿಕೊಳ್ಳುತ್ತಾ ಒಂದೂವರೆ ಕಿಲೋಮೀಟರನ್ನು ಹಾಗೆಯೇ ಹತ್ತಿಸಿದ.

ಗುಡ್ಡದ ತಲೆ ಮುಟ್ಟಿದಾಗ ಬಿಸಿಲು ಇನ್ನೂ ಕೆಂಪಗಿತ್ತು. ಸುಬ್ಬಣ್ಣನವರು ಅವನ ಬೆನ್ನು ತಟ್ಟಿದರು. "ಮಾತು ಉಳಿಸಿಕೊಂಡೆ ಕಣೋ. ಲಕ್ಕಯ್ಯನ ಸಾಮಾನು ನೀನೇ ಇಡು."

ಉಮೇಶನ ಕುತ್ತಿಗೆ ಹಿಡಿದುಕೊಂಡು ಮುಂದಕ್ಕೆ ತಿರುಗುತ್ತಿರಲಿಲ್ಲ. ಓರೆಯಾಗಿಯೇ ಗುಂಡಿಗಿಳಿದು ಎಲೆಚೀಲ ಇಟ್ಟ, ಕಂಬಳಿ ಹೊದಿಸಿದ, ಗೋಣಿಚೀಲವನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಕಾಲ ಬಳಿ ಇಟ್ಟ. ಎಲ್ಲರೂ ಮಣ್ಣು ಹಾಕಿದರು. ಮೇಲೆ ಮುಳ್ಳು ಹೊದಿಸಿ ಕಲ್ಲು ಪೇರಿಸಿದರು.

ಆಗ ಗುರುವಯ್ಯ ಬೈಕಿನಲ್ಲಿ ಬಂದ. ದಿಬ್ಬಕ್ಕೆ ಕೈಮುಗಿದು ಕಣ್ಣೊರೆಸಿಕೊಂಡು ಉಮೇಶನ ಹತ್ತಿರ ನಿಂತ.

"ದೊಡ್ಡ ಮನುಷ್ಯ ಮಾರಾಯ. ಅಂತೂ ಹಳೇ ಸೆಟ್ ಹಾಕ್ಸಿ ಹತ್ತಿಸ್ದೆ ಅನ್ನು."

"ಹಳೇ ಸೆಟ್ಟಾ? ಅದು ಗುಜರಿಗೆ ಹೋಯ್ತಲ್ಲ?"

"ನಿಂಗೆ ಕೊಡ್ಲಿಲ್ವಾ? ನೀನು ಬಿಚ್ಚಿಸಿದ ಮಾರನೇ ದಿನವೇ ಮೇಸ್ತ್ರಿ ಬಸ್ಸಲ್ಲಿ ಬಂದು ತಗೊಂಡು ಹೋದ್ರು. 'ಈಗ್ಲೇ ಕೊಟ್ರೆ ಬುದ್ಧಿ ಬರಲ್ಲ. ಸ್ವಲ್ಪ ದಿನ ಒದ್ದಾಡ್ಲಿ, ಆಮೇಲೆ ಕೊಡ್ತೀನಿ' ಅಂದ್ರು. ನಾನೇ ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಕೊಟ್ಟೆ. ಜೋಪಾನವಾಗಿ ಇಟ್ಕೋ, ಆ ಎಂಟು ಹಲ್ಲಿನ ಪಿನಿಯನ್ ಇನ್ನು ಎಲ್ಲಿ ಹುಡುಕಿದ್ರೂ ಸಿಗಲ್ಲ."

ಉಮೇಶ ಓರೆ ಕುತ್ತಿಗೆಯಲ್ಲೇ ದಿಬ್ಬದತ್ತ ನೋಡಿದ. ಕುಮಾರ್ ತನ್ನ ತೊಡೆಯನ್ನು ಮೆಲ್ಲಗೆ ಸವರಿಕೊಂಡ.

"ನಡೀರಿ, ಹೊತ್ತಾಯ್ತು," ಎಂದರು ಸುಬ್ಬಣ್ಣನವರು. "ಮಣ್ಣು ಮಾಡಿದ ಮೇಲೆ ಯಾರೂ ಹಿಂದೆ ತಿರುಗಿ ನೋಡಬಾರ್ದು."

ಎಲ್ಲರೂ ಮುಂದೆ ನೋಡಿಕೊಂಡು ನಡೆದರು. ಜೀಪನ್ನು ಅಲ್ಲೇ ಬಿಟ್ಟು ಉಮೇಶನೂ ನಡೆದ.

"ಏಯ್ ಉಮೇಶ, ಹಿಂದೆ ನೋಡಬ್ಯಾಡ ಅಂದ್ನಲ್ಲೋ!"

"ನೋಡ್ತಾ ಇಲ್ಲ ಸುಬ್ಬಣ್ಣ," ಎಂದ ಉಮೇಶ, ಹಿಡಿದ ಕುತ್ತಿಗೆಯನ್ನು ಎರಡೂ ಕೈಯಿಂದ ಮುಂದಕ್ಕೆ ತಿರುಗಿಸಲು ಹೆಣಗುತ್ತಾ. "ಅದು ಬರ್ತಾ ಇಲ್ಲ."

ಗುಡ್ಡ ಇಳಿದು ಮರೆಯಾಗುವವರೆಗೂ ದಿಬ್ಬ ಅವನಿಗೆ ಕಾಣುತ್ತಲೇ ಇತ್ತು.