ಅನಗೋಳದ ಕನ್ನಡಿಗೆ ಒಪ್ಪುವ ಬಣ್ಣ

ಕಳೆದ ಯುಗಾದಿಯ ಮರುದಿನ ಬೆಳಿಗ್ಗೆ ನಮ್ಮ ಕಾಕಾ ಅನಗೋಳದ ಮನೆಯ ಗೋಡೆಯಿಂದ ಕನ್ನಡಿಯನ್ನು ಕೆಳಗಿಳಿಸಿದರು. ಕನ್ನಡಿ ಒಡೆದಿರಲಿಲ್ಲ, ಮಸುಕಾಗಿರಲಿಲ್ಲ. ಅದರ ಚೌಕಟ್ಟಿನ ಬಣ್ಣ ಕೋಣೆಗೆ ಒಪ್ಪುವುದಿಲ್ಲ ಎಂಬುದು ಕಾಕಾ ಹೊರಿಸಿದ ಆರೋಪ. ಮದುವೆಯಾದ ವರ್ಷದಿಂದ ಒಪ್ಪಿಕೊಂಡು ಬಂದ ಬಣ್ಣ ಆ ಬೆಳಿಗ್ಗೆಯೇ ಯಾಕೆ ಮುನಿಸಿಕೊಂಡಿತು? ಕಾಕಾ ಹೇಳಲಿಲ್ಲ. ಒಂದು ಬಣ್ಣ ಆರಿಸಲು ಸಂಪುಟ ವಿಸ್ತರಣೆಗಿಂತ ಹೆಚ್ಚು ಕಾಲ ತೆಗೆದುಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ!

ಕಾಕಾ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಮಾಲು ತಪಾಸಣೆ ಮಾಡುತ್ತಿದ್ದವರು. ಮಾಲು ಸರಿಯಿದ್ದರೆ ಬಿಳಿ ಸೀಮೆಸುಣ್ಣದಿಂದ ಸರಿ ಗುರುತು, ಬಿರುಕಿದ್ದರೆ ಕೆಂಪಿನಿಂದ ಅಡ್ಡಗೀಟು. ನಿವೃತ್ತಿಯ ದಿನ ಫೌಂಡ್ರಿ ಅವರನ್ನು ಬಿಟ್ಟಿತು, ಅವರು ಸೀಮೆಸುಣ್ಣ ಬಿಡಲಿಲ್ಲ. ಮದುವೆ ಊಟದಲ್ಲಿ ಹೋಳಿಗೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಒಮ್ಮೆ ಹೆಣ್ಣಿನ ಕಡೆಯವರು ಓಡಿಬಂದು, ಏನೆಂದು ತಿಳಿಯದೆಯೇ ಕ್ಷಮೆ ಕೇಳಿದ್ದರು.

ಆ ಕನ್ನಡಿ ನಿಜಕ್ಕೂ ಕಾಕಾನದಲ್ಲ, ಅವರ ಹೆಂಡತಿಯದು. ನಮಗೆ ಅವರು ಕಾಕು. ಅವರ ತವರು ಖಾನಾಪುರ. ತವರಿನವರು ಸಾಗವಾನಿ ಚೌಕಟ್ಟು ಹಾಕಿಸಿ ಮದುವೆಯಲ್ಲಿ ಕೊಟ್ಟಿದ್ದರು.

ಯುಗಾದಿ ಕಳೆದು ಎರಡು ವಾರಕ್ಕೆ ನಾನು ಹೋದಾಗ ಗೋಡೆಗೆ ಎಂಟು ಮರದ ಪಟ್ಟಿಗಳು ಒರಗಿದ್ದವು. ಒಂದೊಂದಕ್ಕೆ ಒಂದೊಂದು ಬಣ್ಣ.

"ಅಲ್ಲಿ ಕುಂದರಬ್ಯಾಡೋ! ನೆಳ್ಳ ಬೀಳತೈತಿ!" ಎಂದರು ಕಾಕಾ. ನಾನು ನಿಂತೆ. ಕಾಕು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಮುಂದೆ ಬರಲು ಅಪ್ಪಣೆ ಇರಲಿಲ್ಲ.

"ಅಲ್ಲೇ ನಿಂತ ಹೇಳ," ಎಂದರು ಕಾಕಾ.

"ಏನ್ ಹೇಳೂದ್ರಿ? ಎಲ್ಲಾ ಚೊಲೋನ ಅದಾವು."

"ಚೊಲೋ ಕೆಟ್ಟ ಯಾರ ಕೇಳ್ಯಾರ? ಎಷ್ಟ ಪಟ್ಟಿ ಅದಾವು, ಎಣಿಸಿ ಹೇಳ."

"ಆರು."

ಕಾಕಾ ಹೋಗಿ ಬೂದಿ ಬಣ್ಣಕ್ಕೂ ಕೆನೆ ಬಣ್ಣಕ್ಕೂ ಕೆಂಪು ಗೀಟು ಎಳೆದರು. ಹೆಂಡತಿ ಎಣಿಕೆ ತಪ್ಪಿದರೆ ಬಣ್ಣಕ್ಕೆ ಶಿಕ್ಷೆ! ನಾನು ಪತ್ರಿಕೆಯವನು. ಇಂಥದ್ದು ಸಿಕ್ಕರೆ ಬಿಡುತ್ತೇನೆಯೇ? ಅಲ್ಲೇ ಬರೆದುಕೊಂಡೆ.

ಮುಂದೆ ಕನ್ನಡಿಯ ಪ್ರವಾಸ ಶುರುವಾಯಿತು. ಬಣ್ಣವನ್ನು ಗಾಜಿನ ಜೊತೆಗೇ ನೋಡಬೇಕಂತೆ. ಹಳೆಯ ಚಾದರ ಸುತ್ತಿ ಕಾಕಾ ಅದನ್ನು ಖಾನಾಪುರದ ಬಸ್ಸಿಗೆ ಹತ್ತಿಸಿದರು. ಜೊತೆಗೆ ಹಿಡಿದುಕೊಳ್ಳಲು ನಾನು. ದಾರಿಯಲ್ಲಿ ಚಾದರ ಜಾರಿತು. ಹಿಂದಿನ ಸೀಟಿನ ಇಬ್ಬರು ಬಾಚಣಿಕೆ ತೆಗೆದರು. ಕಂಡಕ್ಟರ್ ಕೂಡ ಬಗ್ಗಿ ಮೀಸೆ ತೀಡಿಕೊಂಡು ಕೇಳಿದ: "ಕಾಕಾ, ಇದಕ್ಕ ಅರ್ಧಾ ತಿಕೀಟ ತಗೀರಿ ಮತ್ತ."

"ಅದರಾಗ ಕಾಣಾವ್ರು ನೀವ. ನೀವ ತಗೀರಿ," ಎಂದರು ಕಾಕಾ.

ಮೂಲ ಚೌಕಟ್ಟು ಮಾಡಿದವನ ಮಗನೇ ಈಗ ಖಾನಾಪುರದ ಅಂಗಡಿಯಲ್ಲಿ ಬಡಗಿ. ಅವನು ಮರವನ್ನು ಸವರಿ ಲೊಚಗುಟ್ಟಿದ. "ಕಾಕಾ, ಖರೇ ಸಾಗವಾನಿ ಐತ್ರಿ ಇದು. ಇದಕ್ಕ ಬಣ್ಣಾ ಹಚ್ಚಿದ್ರ ಪಾಪ ಬರತೈತಿ."

"ಪಾಪ ನನಗ ಬರಲಿ. ಬಣ್ಣಾ ನೀ ಹಚ್ಚ."

ಹಚ್ಚಿದ. ಗಿಣಿಹಸಿರು, ಬದನೆಕಾಯಿ ಬಣ್ಣ, ಇಟ್ಟಂಗಿ ಕೆಂಪು. ಪ್ರತಿ ಬಣ್ಣಕ್ಕೂ ಅನಗೋಳದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು ಎಂದು ಮೂರು ತಪಾಸಣೆ. ಪ್ರತಿಯೊಂದಕ್ಕೂ ಕೆಂಪು ಗೀಟು. ಮತ್ತೆ ಚಾದರ, ಮತ್ತೆ ಬಸ್ಸು, ಮತ್ತೆ ಬಡಗಿಯ ನಿಟ್ಟುಸಿರು.

ಇತ್ತ ಕನ್ನಡಿಯಿಲ್ಲದ ಮನೆಯಲ್ಲಿ ಕಾಕುವಿನ ಕುಂಕುಮ ದಾರಿ ತಪ್ಪಿತು. ಒಂದು ದಿನ ಎಡಕ್ಕೆ, ಒಂದು ದಿನ ಹುಬ್ಬಿನ ಮೇಲೆ. ಓಣಿಯ ಹೆಂಗಸರು ನಕ್ಕರೆಂದು ಹೊರಗೆ ಹೋಗುವುದನ್ನೇ ನಿಲ್ಲಿಸಿದರು. ಬಾಯಿತುಂಬ ಮಾತಾಡುತ್ತಿದ್ದ ಹೆಂಗಸು ಮನೆಯೊಳಗೇ ಉಳಿದರು, ಯಾಕೆ? ಗಂಡನಿಗೆ ಒಂದು ಬಣ್ಣ ಸಿಗುತ್ತಿಲ್ಲ ಎಂದು! ನಾನು ಅದೇ ಊರಿನ ಸದಾಶಿವನಗರದ ನಮ್ಮ ಮನೆಯಿಂದ ಕೈಗನ್ನಡಿ ಒಯ್ದು ಕೊಟ್ಟೆ. ಕಾಕು ಅದನ್ನು ಸೆರಗಿನಲ್ಲಿ ಒರೆಸಿ ಕಪಾಟಿನಲ್ಲಿಟ್ಟರು. "ಇರಲಿ ಬಿಡಪ್ಪಾ, ಅವರ ಬಣ್ಣಾ ಆರಿಸೂದ ಆಗಲಿ," ಎಂದರು.

ಚೌತಿಗೆ ಮುಂಚೆ ಕಾಕಾ ಗೋಡೆಯನ್ನೇ ಬದಲಿಸಿದರು. ಕಡುನೀಲಿ! ಗಣಪತಿ ನೋಡಲು ಬಂದವರು ಗಣಪತಿಯನ್ನು ಬಿಟ್ಟು ಗೋಡೆ ನೋಡಿದರು. ದೀಪಾವಳಿ ಕಳೆದ ವಾರ ಆ ಗೋಡೆಗೆ ಕನ್ನಡಿ ಏರಿತು. ಚೌಕಟ್ಟು ಅಚ್ಚ ಅರಿಶಿನದ ಹಳದಿ. ದೊಡ್ಡ ರಸ್ತೆಯಲ್ಲಿ ವಾಹನ ನಿಲ್ಲಿಸಲು ಇಂಥ ಫಲಕ ಹಾಕುತ್ತಾರೆ.

ನನಗೆ ತಡೆಯಲಾಗಲಿಲ್ಲ. "ಏಳ ತಿಂಗಳ ಕಾಕುನ್ನ ಮನ್ಯಾಗ ಕುಂದರಿಸಿ ಇದನ್ನ ಆರಿಸಿದ್ರೇನ್ರಿ? ಈ ಕೋಣಿಗಿ ಒಪ್ಪತೈತಿ ಇದು?"

ಕಾಕಾ ಅಡುಗೆಮನೆ ಕಡೆ ನೋಡಿದರು. ಒಳಗೆ ಒಗ್ಗರಣೆಯ ಸದ್ದಿತ್ತು. ದನಿ ತಗ್ಗಿಸಿದರು.

"ಕೋಣಿಗಿ ಏನ ಕಣ್ಣ ಅದಾವೇನೋ? ಆಕಿಗಿ ಕಾಣಬೇಕು. ಯುಗಾದಿ ಮುಂದ ಡಾಕ್ಟರ್ ಹೇಳ್ಯಾರ, ದೃಷ್ಟಿ ಮೆಲ್ಲಕ ಹೋಗೂದ ಐತಿ ಅಂತ. ಗ್ವಾಡಿ ಯಾವುದು, ಕನ್ನಡಿ ಯಾವುದು ತಿಳೀದಂಗ ಆಗಿತ್ತು. ನೀಲಿ ಮ್ಯಾಲ ಹಳದಿ ಒಂದ ನೆಟ್ಟಗ ಕಾಣತೈತಿ. ನಾಕೂ ಅಂಚ ಕಂಡ್ರ ನಡುವ ಎಲ್ಲಿ ಅಂತ ಗೊತ್ತಾಗತೈತಿ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ಲು, ಹೇಳಿಲ್ಲ."

ಮನೆಗೆ ಬಂದು ಟಿಪ್ಪಣಿ ಪುಸ್ತಕ ತೆಗೆದೆ. ಎಂಟು ಪಟ್ಟಿಯಲ್ಲಿ ಆರು ಎಂದು ಕಾಕು ಹೇಳಿದ್ದು ಅದರಲ್ಲಿತ್ತು. ಯಾಕೆ ಎಂದು ನಾನು ಕೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ ಓಣಿಯ ಮೂರನೆಯ ಮನೆಯಲ್ಲಿ ಅರಿಶಿನ-ಕುಂಕುಮವಿತ್ತು. ಕಾಕು ಇಳಕಲ್ ಸೀರೆಯುಟ್ಟು ಅಡುಗೆಮನೆ ಬಾಗಿಲಿನಿಂದ ನೇರ ಕನ್ನಡಿಗೆ ನಡೆದರು. ಎಡಗೈಯಿಂದ ಚೌಕಟ್ಟಿನ ಅಂಚು ಮುಟ್ಟಿ, ಬಲಗೈ ಬೆರಳಿನಿಂದ ಕುಂಕುಮ ಇಟ್ಟುಕೊಂಡರು. ಕಾಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಮುಂದೆ ಬರಲಿಲ್ಲ. ಕಾಕು ಚಪ್ಪಲಿ ಮೆಟ್ಟಿ ಒಬ್ಬರೇ ಆ ಮನೆಗೆ ಹೋದರು.

ಕುಂಕುಮ ನಡುವಿನಲ್ಲಿತ್ತು. ಕನ್ನಡಿಯ ಕೆಳಗೆ, ನೀಲಿ ಗೋಡೆಯ ಮೇಲೆ, ಈಗ ಬಿಳಿ ಸೀಮೆಸುಣ್ಣದ ಒಂದು ಸರಿ ಗುರುತು ಇದೆ.